ಒಣ ಬಿಸಿಲಿನ ನಾಡಿಗೆ ತಂಪು ಸುರುಳಿಯ ಆಯ್ಕೆ
(ಬಾಗಲಕೋಟೆ ಭಾಗದ ಮನೆಗಳನ್ನು ಕುರಿತ ಉಪನ್ಯಾಸದ ಬರಹರೂಪ)



ಅಡಿಕೆ ತೋಟದ ನೆರಳಿನಲ್ಲಿ ಬದುಕುವವರ ಸಭೆಯಲ್ಲಿ ಬಾಗಲಕೋಟೆಯ ಏ.ಸಿ. ಯಂತ್ರದ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಬಾದಾಮಿ, ಹುನಗುಂದಗಳ ಸೀಮೆಯನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಾಳಿ, ಶರಾವತಿ ಕಣಿವೆಗಳಲ್ಲಿ ಹುಟ್ಟುವ ವಿದ್ಯುತ್ತು ಅದೇ ತಂತಿಜಾಲದ ಮೂಲಕ ಆ ಬಯಲು ಸೀಮೆಯ ಮನೆಗಳಿಗೂ ಹೋಗುತ್ತದೆ. ಬಯಲಿನ ಒಂದು ಕೋಣೆಯಲ್ಲಿ ರಾತ್ರಿಯಿಡೀ ಓಡುವ ಯಂತ್ರಕ್ಕೂ ಘಟ್ಟದ ಒಂದು ಕಣಿವೆಗೂ ಇರುವ ನಂಟು ಇದು. ಆದರೆ ಈ ನಂಟನ್ನು ನೆಪವಾಗಿಟ್ಟುಕೊಂಡು ಬಯಲಿನವರಿಗೆ ಏ.ಸಿ. ಬೇಡವೆಂದು ಬೋಧಿಸುವುದು ಸಲ್ಲದು. ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ಅಲ್ಲಿ ಬದುಕಿ ನೋಡದವರು ಅಂಥ ಬೋಧನೆಗೆ ಇಳಿಯದಿರುವುದೇ ಲೇಸು. ನಲವತ್ತು ಡಿಗ್ರಿ ದಾಟಿದ ಹಗಲು, ಕಾದ ಛಾವಣಿಯ ಕೆಳಗಿನ ರಾತ್ರಿ, ನಿದ್ರೆಗೆಟ್ಟ ಮುದುಕರು, ಬಾಣಂತಿಯರು, ಎಳೆಯ ಕೂಸುಗಳು. ಇವರಿಗೆ ತಂಪು ಎನ್ನುವುದು ಸುಖಸಾಧನವಷ್ಟೇ ಅಲ್ಲ. ಆದ್ದರಿಂದ ಇಲ್ಲಿ ಚರ್ಚಿಸಬೇಕಾದ ವಿಷಯ ಬೇರೆ. ಆ ಮನೆಗೆ ಎಂಥ ಯಂತ್ರ ಬೇಕು, ಎಷ್ಟು ದೊಡ್ಡದು ಬೇಕು, ಅದನ್ನು ಗೋಡೆಗೆ ಹೇಗೆ ಕೂಡಿಸಬೇಕು? ಅದರಲ್ಲೂ ಕೋಣೆಯ ಒಳಗಿರುವ ಭಾಗ, ಅಂದರೆ ನಿಜವಾಗಿ ತಂಪನ್ನು ಕೊಡುವ ತಾಮ್ರದ ಸುರುಳಿ, ಯಾವ ಬಗೆಯದಿರಬೇಕು?

ಸುರುಳಿಗಿಂತ ಮೊದಲು ಮನೆಯನ್ನು ನೋಡಬೇಕು. ಆ ಸೀಮೆಯ ಹಳೆಯ ಮನೆಗಳು ಮೇಲ್ಮುದ್ದೆಯ ಮನೆಗಳು. ಜಂತಿಗಳ ಮೇಲೆ ಕಟ್ಟಿಗೆ ಹರಡಿ, ಅದರ ಮೇಲೆ ದಪ್ಪನಾಗಿ ಮಣ್ಣು ಬಡಿದ ಮಾಳಿಗೆ. ನಡುವೆ ಒಂದೆರಡು ಬೆಳಕಿಂಡಿ. ಎರಡಡಿ ದಪ್ಪದ ಕಲ್ಲಿನ ಅಥವಾ ಮಣ್ಣಿನ ಗೋಡೆ. ಬಾದಾಮಿಯ ಸುತ್ತ ಮರಳುಗಲ್ಲಿನ ಗೋಡೆಗಳೇ ಹೆಚ್ಚು. ಹಗಲಿನ ಬಿಸಿಯು ಆ ದಪ್ಪವನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತದೆ. ಆಗ ಮನೆಮಂದಿ ಮಾಳಿಗೆಯ ಮೇಲೆ ಮಲಗಿರುತ್ತಾರೆ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯನ್ನು ಮೇ ತಿಂಗಳ ಮಧ್ಯಾಹ್ನ ಹೊಕ್ಕವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಲಮಟ್ಟಿ ಜಲಾಶಯದ ಹಿನ್ನೀರು ಬಾಗಲಕೋಟೆಯ ಹಳೆಯ ಊರಿನ ಭಾಗಗಳನ್ನು ಮುಳುಗಿಸಿದಾಗ ಸಾವಿರಾರು ಕುಟುಂಬಗಳು ಇಂಥ ಮನೆಗಳನ್ನು ಬಿಟ್ಟು ನವನಗರದ ಸೆಕ್ಟರುಗಳಿಗೆ ಬಂದವು. ಅಲ್ಲಿ ಕಟ್ಟಿದ್ದು ಕಾಂಕ್ರೀಟ್ ಛಾವಣಿಯ ಮನೆ. ಅಗಲವಾದ ರಸ್ತೆ, ನೇರವಾದ ಸಾಲು. ಆದರೆ ಹಳೆಯ ಓಣಿಯಲ್ಲಿ ಒಂದರ ಗೋಡೆಗೆ ಇನ್ನೊಂದು ಕೊಡುತ್ತಿದ್ದ ನೆರಳು ಇಲ್ಲ. ಮುಳುಗಡೆಯ ಪರಿಹಾರದ ಲೆಕ್ಕದಲ್ಲಿ ಗೋಡೆಗೆ, ಬಾಗಿಲಿಗೆ, ಗಿಡಮರಗಳಿಗೆ ಬೆಲೆ ಕಟ್ಟಲು ಬರುತ್ತದೆ. ಕಳೆದುಹೋದ ತಂಪಿಗೆ ಬೆಲೆ ಕಟ್ಟುವ ಪದ್ಧತಿ ಇನ್ನೂ ಬಂದಿಲ್ಲ.

ಆ ಕಾಂಕ್ರೀಟ್ ಛಾವಣಿಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. ಹತ್ತಡಿಗೆ ಹನ್ನೆರಡಡಿಯ ಕೋಣೆ ಎಂದರೆ ಸುಮಾರು 11 ಚದರ ಮೀಟರ್ ಛಾವಣಿ. ಐದು ಇಂಚಿನ ಬರಿಯ ಕಾಂಕ್ರೀಟ್, ಮೇಲೆ ಏನೂ ಹೊದಿಸಿಲ್ಲ. ಏಪ್ರಿಲ್ ಬಿಸಿಲಿಗೆ ಅದರ ಮೇಲ್ಮೈ 60 ಡಿಗ್ರಿಯವರೆಗೆ ಕಾದು, ಒಳಗೆ 26 ಡಿಗ್ರಿ ಇರಬೇಕೆಂದು ಬಯಸಿದರೆ, ಛಾವಣಿಯೊಂದರಿಂದಲೇ ಹತ್ತಿರ ಹತ್ತಿರ 1,300 ವಾಟ್‌ನಷ್ಟು ಶಾಖವು ಒಳಗಿಳಿಯಬಲ್ಲದು. ಒಂದು ಟನ್ ಏ.ಸಿ. ಹೊರದೂಡಬಲ್ಲ ಶಾಖವು ಸುಮಾರು 3,500 ವಾಟ್. ಅಂದರೆ ಯಂತ್ರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿಯು ಛಾವಣಿಯ ಜತೆ ಸೆಣಸುವುದರಲ್ಲಿಯೇ ಹೋಗುತ್ತದೆ. ಅದೇ ಛಾವಣಿಗೆ ದಪ್ಪನಾಗಿ ಸುಣ್ಣ ಬಳಿದರೆ ಅಥವಾ ಬಿಳಿಯ ಹೆಂಚು ಹಾಸಿದರೆ ಒಳಬರುವ ಶಾಖ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಶಾಖ ತಡೆಯುವ ಹಲಗೆ ಹಾಸಿ ಅದರ ಮೇಲೆ ಗಾರೆ ಮಾಡಿದರೆ ಕಾಲು ಭಾಗಕ್ಕೂ ಇಳಿಯಬಹುದು. ಕಾಂಕ್ರೀಟು ಹಗಲಿಡೀ ಹೀರಿದ ಬಿಸಿಯನ್ನು ಸಂಜೆಯ ಹೊತ್ತಿಗೆ ಒಳಕ್ಕೆ ಬಿಡುವುದರಿಂದ, ಹೊರಗೆ ಗಾಳಿ ತಂಪಾದ ಮೇಲೂ ಒಳಗೆ ಒಲೆಯ ಮುಂದೆ ಕುಳಿತಂತಿರುತ್ತದೆ. ಅಂಗಡಿಗೆ ಹೋಗಿ "ಒಂದೂವರೆ ಟನ್ ಕೊಡಿ" ಎಂದು ಕೇಳುವ ಮುನ್ನ ಎರಡು ಚೀಲ ಸುಣ್ಣ ತಂದು ಮಾಳಿಗೆಗೆ ಬಳಿಯಬೇಕೆಂದು ಹೇಳುವುದು ಈ ಕಾರಣಕ್ಕಾಗಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಒಂದೂವರೆ ಟನ್ನಿನ ಜಾಗದಲ್ಲಿ ಒಂದು ಟನ್ ಸಾಕಾಗುತ್ತದೆ.

ಟನ್ ಎಂಬ ಮಾತಿನ ಬಗ್ಗೆ ಒಂದು ಸ್ಪಷ್ಟನೆ. ಇದು ಯಂತ್ರದ ತೂಕವಲ್ಲ. ಯಂತ್ರಗಳಿಲ್ಲದ ಕಾಲದಲ್ಲಿ ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದಾಗ, ಒಂದು ಅಮೆರಿಕನ್ ಟನ್, ಅಂದರೆ 907 ಕಿಲೋ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖವೇ ಈ ಅಳತೆ.

ಇನ್ನು ಸುರುಳಿಯ ವಿಚಾರ. ಮೆಕ್ಯಾನಿಕ್ಕುಗಳು ಕೂಲಿಂಗ್ ಕಾಯಿಲ್ ಎಂದೂ ಪುಸ್ತಕಗಳು ಇವಾಪರೇಟರ್ ಎಂದೂ ಕರೆಯುವ ಈ ಭಾಗವು ಗೋಡೆಯ ಮೇಲಿನ ಬಿಳಿಯ ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಬೆರಳಿಗಿಂತ ಸಪೂರವಾದ ತಾಮ್ರದ ಕೊಳವೆ ಹಿಂದೆ ಮುಂದೆ ಮಡಚಿಕೊಂಡು ಹೋಗಿರುತ್ತದೆ. ಅದಕ್ಕೆ ಅಡ್ಡಲಾಗಿ ಕಾಗದದಷ್ಟು ತೆಳುವಾದ ನೂರಾರು ಅಲ್ಯೂಮಿನಿಯಂ ತಗಡುಗಳು, ಅವರ ಭಾಷೆಯಲ್ಲಿ ಫಿನ್‌ಗಳು, ಒತ್ತೊತ್ತಾಗಿ ನಿಂತಿರುತ್ತವೆ. ಕೊಳವೆಯೊಳಗೆ ಗ್ಯಾಸು ದ್ರವರೂಪದಲ್ಲಿ ಬಂದು, ಒತ್ತಡ ಕಡಿಮೆಯಾದುದರಿಂದ ಹತ್ತು ಡಿಗ್ರಿಯ ಆಚೀಚೆಯ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಅದು ಕೋಣೆಯ ಗಾಳಿಯಿಂದ ಎಳೆದುಕೊಳ್ಳುತ್ತದೆ. ಹೊರಗಿನ ಪೆಟ್ಟಿಗೆಯು ಆ ಆವಿಯನ್ನು ಒತ್ತಿ, ಶಾಖವನ್ನು ಬೀದಿಗೆ ಚೆಲ್ಲಿ, ಮತ್ತೆ ದ್ರವವಾಗಿಸಿ ಕಳಿಸುತ್ತದೆ. ಯಂತ್ರವು ತಂಪನ್ನು ತಯಾರಿಸುವುದಿಲ್ಲ. ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊರುವ ಹಮಾಲಿಯ ಕೆಲಸ ಅದರದು.

ಈ ಸುರುಳಿಯ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಿದೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ, ತೇವದ ಹವೆಗೆ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ತಣ್ಣನೆಯ ಸುರುಳಿಗಳ ಮೇಲೆ ಗಾಳಿ ಹಾಯಿಸಿ ಅದರ ತೇವವನ್ನು ಇಳಿಸುವ ವ್ಯವಸ್ಥೆಯನ್ನು ರೂಪಿಸಿದ. ಆಧುನಿಕ ಏ.ಸಿ.ಯ ಮೂಲ ಅದು. ಅಂದರೆ ಯಂತ್ರ ಹುಟ್ಟಿದ್ದೇ ಒದ್ದೆ ಹವೆಯನ್ನು ಒಣಗಿಸಲಿಕ್ಕೆ. ಮಂಗಳೂರಿಗೂ ಕಾರವಾರಕ್ಕೂ ಅದು ಹೇಳಿ ಮಾಡಿಸಿದ್ದು. ಬಾಗಲಕೋಟೆಯ ಹವೆಯೋ ಬೇಸಿಗೆಯಲ್ಲಿ ಮೊದಲೇ ತುಟಿ ಒಡೆಯುವಷ್ಟು ಒಣಗಿರುತ್ತದೆ. ಅಲ್ಲಿ ಸುರುಳಿಯು ಮಾಡಬೇಕಾದ ಕೆಲಸ ಬೇರೆ, ಆಯ್ಕೆಯ ಸೂತ್ರವೂ ಬೇರೆ.

ಇದನ್ನು ಅಂಕಿಗಳಲ್ಲಿ ಹೇಳಬಹುದು. ಕೋಣೆಯಲ್ಲಿ 27 ಡಿಗ್ರಿ ಉಷ್ಣತೆ, ಶೇ. 50ರಷ್ಟು ತೇವವಿದ್ದರೆ ಸುಮಾರು 16 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲೂ ಇಬ್ಬನಿ ಕೂಡುತ್ತದೆ. ಕರಾವಳಿಯ ಮನೆಗಳಲ್ಲಿ ಸುರುಳಿ ಸದಾ ಬೆವರುವುದೂ ಪೈಪಿನಿಂದ ನೀರು ತೊಟ್ಟಿಕ್ಕುವುದೂ ಇದರಿಂದ. ಅದೇ ಉಷ್ಣತೆಯಲ್ಲಿ ತೇವ ಶೇ. 30ಕ್ಕೆ ಇಳಿದರೆ ಇಬ್ಬನಿಯ ಬಿಂದುವು 8 ಡಿಗ್ರಿಗೆ ಇಳಿಯುತ್ತದೆ. ಆಗ ಹತ್ತು ಹನ್ನೆರಡು ಡಿಗ್ರಿಯ ಸುರುಳಿಯ ಮೇಲೆ ಒಂದು ಹನಿಯೂ ಕೂಡುವುದಿಲ್ಲ. ತೇವ ತೆಗೆಯುವುದರಲ್ಲಿ ಶಕ್ತಿ ವ್ಯಯವಾಗದೆ ಗಾಳಿಯ ಬಿಸಿ ಇಳಿಸುವುದಕ್ಕೇ ಹೆಚ್ಚಿನದೆಲ್ಲ ಸಲ್ಲುತ್ತದೆ. ಆದ್ದರಿಂದ ಇಂಥ ಸೀಮೆಗೆ ಸುರುಳಿಯು ಅತಿ ತಣ್ಣಗಿರಬೇಕಾಗಿಲ್ಲ, ವಿಸ್ತಾರವಾಗಿರಬೇಕು. ಅದರ ಮೇಲೆ ಹೆಚ್ಚು ಗಾಳಿ ಹಾಯಬೇಕು. ಸುರುಳಿಯ ಮೈ ದೊಡ್ಡದಾದಷ್ಟೂ ಅದೇ ತಂಪನ್ನು ಅದು ಎರಡು ಮೂರು ಡಿಗ್ರಿ ಹೆಚ್ಚಿನ ಉಷ್ಣತೆಯಲ್ಲಿ ಕೊಡಬಲ್ಲದು. ಗ್ಯಾಸು ಕುದಿಯುವ ಉಷ್ಣತೆ ಒಂದು ಡಿಗ್ರಿ ಏರಿದರೆ ಕಂಪ್ರೆಸರಿನ ವಿದ್ಯುತ್ತು ಸುಮಾರು ಶೇ. 2ರಿಂದ 4ರಷ್ಟು ಉಳಿಯುತ್ತದೆ.

ಕೊಳ್ಳುವವರು ಇದನ್ನು ಕಂಡುಕೊಳ್ಳುವುದು ಹೇಗೆ? ಪೆಟ್ಟಿಗೆ ಬಿಚ್ಚಿ ಸುರುಳಿ ಅಳೆಯಲು ಅಂಗಡಿಯವರು ಬಿಡುವುದಿಲ್ಲ. ಆದರೆ ಒಂದೇ ಟನ್ನಿನ ಎರಡು ಮಾದರಿಗಳಿದ್ದರೆ ಒಳಗಿನ ಪೆಟ್ಟಿಗೆಯ ಉದ್ದ ಮತ್ತು ತೂಕವನ್ನು ಹೋಲಿಸಬಹುದು. ಗಾಳಿಯ ಪ್ರಮಾಣವನ್ನು ಮಾಹಿತಿಪತ್ರದಲ್ಲಿ ಅಚ್ಚು ಮಾಡಿರುತ್ತಾರೆ, ಅದನ್ನು ಕೇಳಿ ಓದಬಹುದು. ಒಂದು ಟನ್ನಿಗೆ ನಿಮಿಷಕ್ಕೆ 400 ಘನ ಅಡಿ ಗಾಳಿ ಎಂಬುದು ರೂಢಿಯ ಲೆಕ್ಕ. ಒಣ ಸೀಮೆಗೆ ಅದಕ್ಕಿಂತ ಕಡಿಮೆಯದನ್ನು ಆರಿಸಬಾರದು. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿಯನ್ನೂ ಸರಿಯಾಗಿ ಓದಬೇಕು. 2006ರಲ್ಲಿ ಆರಂಭವಾದ ಈ ಚೀಟಿಯ ಮೇಲೆ 2018ರಿಂದ ಇಡೀ ಋತುವಿನ ದಕ್ಷತೆಯ ಅಂಕಿಯಿರುತ್ತದೆ. ನಕ್ಷತ್ರಗಳ ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸುವುದರಿಂದ ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದೇ ಅಲ್ಲ. ಚೀಟಿಯ ವರ್ಷವನ್ನು ನೋಡದೆ ನಕ್ಷತ್ರ ಎಣಿಸಿದವರು ಮೋಸಹೋಗುತ್ತಾರೆ. ಇನ್ನೊಂದು ಎಚ್ಚರಿಕೆ: ಟನ್ನಿನ ಅಂಕಿಯು ಹೊರಗೆ 35 ಡಿಗ್ರಿ ಇರುವಾಗ ಅಳೆದದ್ದು. 42 ಡಿಗ್ರಿಯ ಮಧ್ಯಾಹ್ನ ಅದೇ ಯಂತ್ರ ಅಷ್ಟು ತಂಪು ಕೊಡಲಾರದು. ಹಾಗೆಂದು ಎರಡು ಟನ್ ತಂದು ಕೂಡಿಸುವುದು ಪರಿಹಾರವಲ್ಲ. ಅತಿದೊಡ್ಡ ಯಂತ್ರವು ಕೋಣೆಯನ್ನು ಕೆಲವೇ ನಿಮಿಷಗಳಲ್ಲಿ ತಣಿಸಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಈ ನಿಲ್ಲುವ ಹೊರಡುವ ಆಟದಲ್ಲಿ ವಿದ್ಯುತ್ತೂ ಯಂತ್ರವೂ ಸವೆಯುತ್ತವೆ. ವೇಗ ಬದಲಿಸುವ ಇನ್ವರ್ಟರ್ ಮಾದರಿಗಳಲ್ಲಿ ಈ ದೋಷ ಕಡಿಮೆ, ಇಲ್ಲವೆಂದಲ್ಲ.

ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ತಾಮ್ರದ ಕೊಳವೆ ತೂತಾದರೆ ಊರಿನ ಮೆಕ್ಯಾನಿಕ್ಕೇ ಬೆಸುಗೆ ಹಾಕಬಲ್ಲ. ಅಲ್ಯೂಮಿನಿಯಮ್ಮಿನದಾದರೆ ಸಾಮಾನ್ಯವಾಗಿ ಇಡೀ ಸುರುಳಿಯನ್ನೇ ಬದಲಿಸಬೇಕು. ಹುನಗುಂದ, ಗುಳೇದಗುಡ್ಡಗಳಂಥ ಊರುಗಳಿಗೆ ಈ ಒಂದು ಕಾರಣವೇ ಸಾಕು. ಆದರೆ ತಾಮ್ರಕ್ಕೂ ಒಂದು ರೋಗವಿದೆ. ಹೊಸ ಬಣ್ಣ, ಪ್ಲೈವುಡ್, ಅಂಟು, ಕೆಲವು ಸ್ವಚ್ಛಗೊಳಿಸುವ ದ್ರಾವಣಗಳು ಇವುಗಳಿಂದ ಹೊರಡುವ ಫಾರ್ಮಿಕ್, ಅಸಿಟಿಕ್ ಆಮ್ಲಗಳ ಆವಿಯು ತೇವದೊಡನೆ ಸೇರಿ ತೆಳು ತಾಮ್ರವನ್ನು ಕೊರೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇರುವೆಗಳು ಕೊರೆದ ಗೂಡಿನಂತೆ ಕಾಣುತ್ತದೆ. ಹೊಸ ಮನೆಯ ಗೃಹಪ್ರವೇಶದ ವಾರವೇ ಏ.ಸಿ. ಕೂಡಿಸಿ ಕಿಟಕಿ ಮುಚ್ಚುವುದಕ್ಕಿಂತ, ಬಣ್ಣ ಚೆನ್ನಾಗಿ ಆರಿ ವಾಸನೆ ಹೋಗುವವರೆಗೆ ಕಾಯುವುದು ಒಳ್ಳೆಯದು. ಫಿನ್‌ಗಳ ಮೇಲಿನ ನೀಲಿಯ ಲೇಪವು ಉಪ್ಪಿನ ಗಾಳಿಯ ಕರಾವಳಿಗೆ ಬಹಳ ಬೇಕು. ಬಾಗಲಕೋಟೆಯಲ್ಲಿ ಅದಕ್ಕಾಗಿ ಹೆಚ್ಚು ಹಣ ಸುರಿಯಬೇಕಾಗಿಲ್ಲ.

ಅಮೆರಿಕದ ಮನೆಗಳಲ್ಲಿ ಇಡೀ ಮನೆಗೆ ಒಂದೇ ಗಾಳಿಕೊಳವೆ, ಅದರೊಳಗೆ ಒಂದು ದೊಡ್ಡ ಸುರುಳಿ ಇರುವುದರಿಂದ ಅಲ್ಲಿ ಸುರುಳಿಯನ್ನು ಪ್ರತ್ಯೇಕವಾಗಿ ಕೊಳ್ಳುವುದು ಸಾಮಾನ್ಯ. ಇಲ್ಲಿ ಆ ಪ್ರಸಂಗ ಬರುವುದು ಹಳೆಯ ಸುರುಳಿ ಸೋರತೊಡಗಿದಾಗ. ಹೊರಗಿನದು ಚೆನ್ನಾಗಿದೆ, ಒಳಗಿನದೊಂದನ್ನು ಬದಲಿಸಿದರೆ ಸಾಕೆಂಬ ಸಲಹೆ ಬರುತ್ತದೆ. ಒಳಗಿನದೂ ಹೊರಗಿನದೂ ಒಂದೇ ಗ್ಯಾಸಿಗೆ, ಒಂದೇ ಸಾಮರ್ಥ್ಯಕ್ಕೆ ಮಾಡಿದ ಜೋಡಿಯಾಗಿದ್ದರೆ ಮಾತ್ರ ಇದು ಸರಿ. ಆರ್-22 ಗ್ಯಾಸಿನ ಹಳೆಯ ಯಂತ್ರದ ಒಳಭಾಗವನ್ನು ಆರ್-32 ಗ್ಯಾಸಿನ ಹೊರಭಾಗಕ್ಕೆ ಜೋಡಿಸಲೇಬಾರದು. ಹೊಸ ಗ್ಯಾಸಿನ ಒತ್ತಡ ಹಳೆಯದರ ಒಂದೂವರೆ ಪಟ್ಟಿಗೂ ಹೆಚ್ಚು. ಎರಡರ ಎಣ್ಣೆಯೂ ಬೇರೆ. ಹಾಗೆ ಜೋಡಿಸಿದ ಯಂತ್ರ ಒಂದು ಬೇಸಿಗೆ ಓಡಿದರೆ ಅದೃಷ್ಟ.

ಗ್ಯಾಸಿನ ಮಾತು ಬಂದಿತು. ಪರಿಸರದ ದೃಷ್ಟಿಯಿಂದ ಇಡೀ ವಿಷಯದ ತಿರುಳು ಇಲ್ಲಿದೆ, ಜನರ ಗಮನ ಹೋಗದಿರುವುದೂ ಇಲ್ಲಿಯೇ. ಆರ್-22 ಓಜೋನ್ ಪದರವನ್ನು ಕೊರೆಯುವ ಗ್ಯಾಸು. 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಅದು ಹಿಂದೆ ಸರಿಯಿತು. ಅದರ ಜಾಗಕ್ಕೆ ಬಂದ ಆರ್-410ಎ ಓಜೋನಿಗೆ ಅಪಾಯಕಾರಿಯಲ್ಲ. ಆದರೆ ಒಂದು ಕಿಲೋ ಸೋರಿದರೆ ಎರಡು ಸಾವಿರ ಕಿಲೋಗೂ ಮೀರಿದ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಇಂದು ಹೆಚ್ಚಾಗಿ ಸಿಗುವ ಆರ್-32 ಗ್ಯಾಸಿನದು ಅದರ ಮೂರನೆಯ ಒಂದು ಭಾಗ, ಸುಮಾರು 675 ಪಟ್ಟು. ಆರ್-290, ಅಂದರೆ ಶುದ್ಧ ಪ್ರೊಪೇನ್, ಬೆರಳೆಣಿಕೆಯ ಪಟ್ಟು ಮಾತ್ರ. ಕಿಗಾಲಿಯಲ್ಲಿ 2016ರಲ್ಲಿ ಆದ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿತು. ಅದರಂತೆ ಇಂಥ ಗ್ಯಾಸುಗಳ ಬಳಕೆ 2032ರಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಆರ್-32 ಅಲ್ಪಸ್ವಲ್ಪ ಹೊತ್ತಿಕೊಳ್ಳುವಂಥದ್ದು, ಪ್ರೊಪೇನ್ ಅಡುಗೆ ಗ್ಯಾಸಿನಂತೆಯೇ ಹೊತ್ತಿಕೊಳ್ಳುವಂಥದ್ದು. ಪ್ರೊಪೇನಿನ ಯಂತ್ರವನ್ನು ತರುವುದಾದರೆ ಅದರಲ್ಲಿ ತರಬೇತಾದ ಮೆಕ್ಯಾನಿಕ್ ಊರಿನ ಹತ್ತಿರದಲ್ಲಿ ಇದ್ದಾನೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ಒಂದು ಟನ್ನಿನ ಯಂತ್ರದಲ್ಲಿ ಸುಮಾರು 700 ಗ್ರಾಂ ಆರ್-32 ಇದೆ ಎಂದಿಟ್ಟುಕೊಂಡರೆ, ಅದೆಲ್ಲ ಸೋರಿಹೋದಾಗ ಆಗುವ ಹಾನಿಯು 470 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ದೇಶದ ವಿದ್ಯುತ್ ಜಾಲದ ಸರಾಸರಿ ಲೆಕ್ಕದಲ್ಲಿ ಇದು ಆರುನೂರಕ್ಕೂ ಹೆಚ್ಚು ಯೂನಿಟ್ ಸುಟ್ಟಂತೆ. ಒಂದು ಕೋಣೆಯ ಇಡೀ ಬೇಸಿಗೆಯ ವಿದ್ಯುತ್ತು ಅದು! ಪ್ರತಿ ವರ್ಷ ಮಾರ್ಚಿನಲ್ಲಿ "ಗ್ಯಾಸ್ ತುಂಬಿಸಬೇಕು" ಎಂದು ಹೇಳಿ ಹಣ ಪಡೆಯುವ ಪದ್ಧತಿ ಎಲ್ಲ ಊರುಗಳಲ್ಲೂ ಬೆಳೆದಿದೆ. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗವನ್ನು ಮುಚ್ಚದೆ ತುಂಬುವುದು ಒಡೆದ ಕೊಡಕ್ಕೆ ನೀರು ಹೊತ್ತಂತೆ.

ಸೋರಿಕೆ ಹೆಚ್ಚಾಗಿ ಹುಟ್ಟುವುದು ಕೂಡಿಸುವ ದಿನ. ಮೇ ತಿಂಗಳಲ್ಲಿ ಒಬ್ಬ ಮೆಕ್ಯಾನಿಕ್ ಒಂದೇ ದಿನ ಐದಾರು ಮನೆ ಮುಗಿಸಬೇಕಾದ ಒತ್ತಡದಲ್ಲಿರುತ್ತಾನೆ. ಬನಶಂಕರಿ ಜಾತ್ರೆ ಮುಗಿದ ಮೇಲೆ, ಶಿವರಾತ್ರಿಯ ಆಸುಪಾಸಿನಲ್ಲಿ ಕೆಲಸ ಮಾಡಿಸಿದರೆ ಅವನಿಗೂ ಪುರಸೊತ್ತು, ಮನೆಯವರಿಗೂ ನಿಂತು ನೋಡಲು ಸಮಯ. ನಿಂತು ನೋಡಬೇಕಾದದ್ದು ಏನೇನು?

ಮೊದಲನೆಯದು ಜಾಗ. ಒಳಗಿನ ಪೆಟ್ಟಿಗೆಯನ್ನು ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿ, ಛಾವಣಿಯಿಂದ ಕನಿಷ್ಠ ಅರ್ಧ ಅಡಿ ಕೆಳಗೆ ಕೂಡಿಸಬೇಕು. ಅದು ಗಾಳಿಯನ್ನು ಮೇಲಿನಿಂದಲೇ ಒಳಗೆಳೆದುಕೊಳ್ಳುವುದರಿಂದ ಛಾವಣಿಗೆ ಅಂಟಿಸಿದರೆ ಸುರುಳಿಗೆ ಉಸಿರುಕಟ್ಟುತ್ತದೆ. ಪಶ್ಚಿಮದ ಬಿಸಿಲು ಬಡಿಯುವ ಗೋಡೆ ಬೇಡ. ಪರದೆಯ ಹಿಂದೆ, ಅಟ್ಟದ ಕೆಳಗೆ ಬೇಡವೇ ಬೇಡ. ಹೊರಗಿನ ಪೆಟ್ಟಿಗೆಗೆ ನೆರಳು ಬೇಕು, ಆದರೆ ಸುತ್ತ ಗಾಳಿಯಾಡಬೇಕು; ಕಳ್ಳರ ಭಯದಿಂದ ತಗಡಿನ ಗೂಡು ಕಟ್ಟಿ ಅದರೊಳಗಿಟ್ಟರೆ ತನ್ನದೇ ಬಿಸಿಯನ್ನು ತಾನೇ ಉಸಿರಾಡುತ್ತದೆ. ಎರಡರ ನಡುವಿನ ತಾಮ್ರದ ಪೈಪು ಆದಷ್ಟು ಚಿಕ್ಕದಿರಲಿ. ಎರಡೂ ಪೈಪುಗಳಿಗೆ ಬೇರೆ ಬೇರೆಯಾಗಿ ರಬ್ಬರಿನ ಹೊದಿಕೆ ಇರಬೇಕು. ಬಿಸಿಲಿಗೆ ಬಿದ್ದ ಭಾಗಕ್ಕೆ ಮೇಲೊಂದು ಸುತ್ತು, ಇಲ್ಲದಿದ್ದರೆ ಆ ಬಿಸಿಲಿಗೆ ಹೊದಿಕೆ ಬಹುಬೇಗ ಪುಡಿಪುಡಿಯಾಗುತ್ತದೆ.

ಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಬೇಕು, ನೀರಿನ ಪೈಪು ಎಲ್ಲಿಯೂ ಮೇಲೇರಬಾರದು. ಬೇಸಿಗೆಯಲ್ಲಿ ಸುರುಳಿ ಬೆವರದಿರುವುದರಿಂದ ಈ ತಪ್ಪು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಒಣಗಿದ ಪೈಪಿನೊಳಗೆ ಧೂಳು ಕೂಡುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಜೂನಿನಲ್ಲಿ ಮೋಡ ಕವಿದು ತೇವ ಏರಿದ ಮೊದಲ ರಾತ್ರಿ ಗೋಡೆಯ ಮೇಲೆ ನೀರಿಳಿಯುತ್ತದೆ. ಕೂಡಿಸಿದ ದಿನವೇ ಸುರುಳಿಯ ಕೆಳಗಿನ ತಟ್ಟೆಗೆ ಒಂದು ಲೋಟ ನೀರು ಹೊಯ್ದು, ಅದು ಹೊರಗೆ ಬೀಳುವುದನ್ನು ನೋಡಿಯೇ ಮೆಕ್ಯಾನಿಕ್ಕನನ್ನು ಬಿಡಬೇಕು.

ಎರಡನೆಯದು ಪೈಪಿನ ತುದಿ. ತಾಮ್ರದ ತುದಿಯನ್ನು ತುತ್ತೂರಿಯ ಬಾಯಂತೆ ಅರಳಿಸಿ ನಟ್ಟಿನಿಂದ ಬಿಗಿಯುತ್ತಾರೆ. ಅರಳಿಸಿದ ಅಂಚು ಸೀಳಿದ್ದರೆ, ಒಳಗೆ ತಾಮ್ರದ ಚೂರು ಉಳಿದಿದ್ದರೆ, ಬಿಗಿತ ಹೆಚ್ಚೋ ಕಡಿಮೆಯೋ ಆದರೆ ಸೋರಿಕೆ ಖಚಿತ. ಮೂರನೆಯದು ಒತ್ತಡ ಪರೀಕ್ಷೆ. ಪೈಪಿನೊಳಗೆ ಒಣ ನೈಟ್ರೋಜನ್ ತುಂಬಿ, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುವುದೇ ಎಂದು ನೋಡಬೇಕು. ನಾಲ್ಕನೆಯದು ವ್ಯಾಕ್ಯೂಮ್ ಪಂಪು. ಪೈಪಿನಲ್ಲಿರುವ ಗಾಳಿ, ತೇವಗಳನ್ನು ಪಂಪಿನಿಂದ 500 ಮೈಕ್ರಾನ್‌ವರೆಗೆ ಎಳೆದು, ಮೀಟರಿನ ಮುಳ್ಳು ಏರದೆ ನಿಲ್ಲುವುದನ್ನು ನೋಡಿದ ಮೇಲೆ ಗ್ಯಾಸಿನ ಕವಾಟ ತೆರೆಯಬೇಕು. ಹಲವರು ಈ ಅರ್ಧ ಗಂಟೆಯನ್ನು ಉಳಿಸಲು ಸ್ವಲ್ಪ ಗ್ಯಾಸನ್ನೇ ಹೊರಗೆ ಬಿಟ್ಟು ಅದರಿಂದ ಗಾಳಿಯನ್ನು ದೂಡುತ್ತಾರೆ. ಗ್ಯಾಸು ಆಕಾಶಕ್ಕೆ ಹೋಯಿತು. ತೇವ ಮಾತ್ರ ಒಳಗೇ ಉಳಿದು ಎಣ್ಣೆಯೊಡನೆ ಸೇರಿ ಆಮ್ಲವಾಗಿ ಯಂತ್ರವನ್ನು ತಿನ್ನುತ್ತದೆ. ಪಂಪು ತರದ ಮೆಕ್ಯಾನಿಕ್ಕನಿಗೆ ಚಹಾ ಕೊಟ್ಟು, ಪಂಪು ತಂದ ದಿನ ಕೆಲಸ ಮಾಡೆಂದು ಹೇಳಿ ಕಳಿಸುವುದು ಉಚಿತ.

ಬಾಗಲಕೋಟೆ ಸೀಮೆಯ ಸುರುಳಿಗೆ ಹಗೆ ಎಂದರೆ ಧೂಳು. ಎರೆ ಹೊಲಗಳ ಬೇಸಿಗೆಯ ಸುಳಿಗಾಳಿ, ಇಳಕಲ್ಲಿನ ಗ್ರಾನೈಟ್ ಕೊರೆಯುವ ಮತ್ತು ಹೊಳಪು ಕೊಡುವ ಕಡೆಯ ನುಣುಪಾದ ಹುಡಿ, ಸಿಮೆಂಟಿನ ಧೂಳು ಇವೆಲ್ಲ ಫಿನ್‌ಗಳ ಸಂದಿಯಲ್ಲಿ ಕೂಡುತ್ತವೆ. ಮಳೆಗಾಲದಲ್ಲಿ ಸುರುಳಿ ಬೆವರಿದಾಗ ಅದು ಕೆಸರಾಗಿ ಅಂಟಿಕೊಳ್ಳುತ್ತದೆ. ಜಾಳಿಗೆಯನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮನೆಯವರೇ ತೊಳೆಯಬಹುದು. ಸುರುಳಿಯನ್ನು ಮಾತ್ರ ಮೆದುವಾದ ಬ್ರಷ್ಷಿನಿಂದ, ಫಿನ್‌ಗಳು ನಿಂತ ದಿಕ್ಕಿನಲ್ಲಿಯೇ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಬೈಕು ತೊಳೆಯುವ ಪಂಪನ್ನು ಅದಕ್ಕೆ ಹಿಡಿದರೆ ತಗಡುಗಳೆಲ್ಲ ಮಲಗಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಒಣ ಹವೆಯ ಸೀಮೆಗೆ ನೀರಿನ ಕೂಲರ್ ಸಾಲದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. 40 ಡಿಗ್ರಿ, ಶೇ. 20 ತೇವವಿರುವ ಗಾಳಿಯನ್ನು ಒಳ್ಳೆಯ ಕೂಲರ್ 26 ಡಿಗ್ರಿಯವರೆಗೆ ಇಳಿಸಬಲ್ಲದು, ಅದೂ ಒಂದು ಫ್ಯಾನಿಗಿಂತ ತುಸು ಹೆಚ್ಚಿನ ವಿದ್ಯುತ್ತಿನಲ್ಲಿ. ಆದರೆ ಅದು ತಂಪನ್ನು ನೀರಿನಿಂದ ಕೊಳ್ಳುತ್ತದೆ. ಒಂದು ಟನ್ನಿನ ಏ.ಸಿ. ಒಂದು ಗಂಟೆಯಲ್ಲಿ ಕೊಡುವಷ್ಟು ತಂಪಿಗೆ ಐದು ಲೀಟರಿಗೂ ಮಿಕ್ಕಿ ನೀರು ಆವಿಯಾಗಬೇಕು. ಎಂಟು ಗಂಟೆಗೆ ಮೂರು ಕೊಡದಷ್ಟು. ಹಿನ್ನೀರು ಕಣ್ಣಿಗೆ ಕಾಣುವ ಊರಿನಲ್ಲಿ ಇದು ದೊಡ್ಡದಲ್ಲವೆನಿಸಬಹುದು, ನಲ್ಲಿಗೆ ವಾರಗಟ್ಟಲೆ ಕಾಯುವ ಹಳ್ಳಿಯಲ್ಲಿ ದೊಡ್ಡದೇ. ಕೊಳವೆಬಾವಿಯ ಗಡಸು ನೀರಾದರೆ ಕೂಲರಿನ ಹುಲ್ಲು ಬೇಗ ಸುಣ್ಣಗಟ್ಟುತ್ತದೆ. ಆದರೂ ನೀರಿರುವ ಮನೆ ಮಾರ್ಚ್, ಏಪ್ರಿಲ್‌ಗಳನ್ನು ಕೂಲರಿನಲ್ಲಿ ಕಳೆದು, ತೇವ ಏರುವ ದಿನಗಳಿಗೆ ಮಾತ್ರ ಏ.ಸಿ. ಹಚ್ಚುವುದು ಎಲ್ಲ ರೀತಿಯಿಂದಲೂ ಜಾಣತನ. ಒಂದು ಕಡೆಯಂತೂ ಈ ಸುರುಳಿ ಸಲ್ಲುವುದಿಲ್ಲ: ಇಳಕಲ್ಲಿನ ಮಗ್ಗದ ಕೋಣೆ. ಕುಣಿಮಗ್ಗದಲ್ಲಿ ನೆಲದ ತೇವವು ನೂಲನ್ನು ಹದವಾಗಿಡುತ್ತದೆ. ಹವೆ ಒಣಗಿದಷ್ಟೂ ಎಳೆ ಹರಿಯುವುದು ಹೆಚ್ಚು. ನೇಕಾರನಿಗೆ ಬೇಕಾದದ್ದು ಛಾವಣಿಯ ಸುಣ್ಣ, ಬೆಳಕಿಂಡಿ ಮತ್ತು ಸಂಜೆಯ ಗಾಳಿ.

ಕೊನೆಗೆ ವಿದ್ಯುತ್ತಿನ ಲೆಕ್ಕ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ನಿಯಮದಂತೆ ತಿಂಗಳಿಗೆ 200 ಯೂನಿಟ್ ದಾಟಿದ ಮನೆಯು ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಒಂದು ಟನ್ನಿನ ಒಳ್ಳೆಯ ಯಂತ್ರ ರಾತ್ರಿ ಎಂಟು ಗಂಟೆ ಓಡಿ ಐದು ಯೂನಿಟ್ ತಿಂದರೂ ತಿಂಗಳಿಗೆ 150. ಮನೆಯ ಉಳಿದ ಬಳಕೆ 60 ಇದ್ದರೆ ಗೆರೆ ದಾಟಿತು. ಸುಣ್ಣದ ಛಾವಣಿ, ದೊಡ್ಡ ಮೈಯ ಸುರುಳಿ, ತೊಳೆದ ಜಾಳಿಗೆ ಇವುಗಳಿಂದ ಉಳಿಯುವ ಮೂವತ್ತು ನಲವತ್ತು ಯೂನಿಟ್‌ಗಳು ಬಡ ಮನೆಗೆ ಇಡೀ ಬಿಲ್ಲಿನ ವ್ಯತ್ಯಾಸವನ್ನೇ ಮಾಡುತ್ತವೆ. 2020ರ ಜನವರಿಯಿಂದ ಹೊಸ ಏ.ಸಿ.ಗಳೆಲ್ಲ 24 ಡಿಗ್ರಿಗೆ ಹೊಂದಿಸಿಯೇ ಬರುತ್ತಿವೆ. ಒಂದೊಂದು ಡಿಗ್ರಿ ಏರಿಸಿದರೆ ಶೇ. 6ರಷ್ಟು ಉಳಿತಾಯವೆಂದು ಬ್ಯೂರೋ ಹೇಳುತ್ತದೆ. ಒಣ ಹವೆಯಲ್ಲಿ ಬೆವರು ಬೇಗ ಆರುವುದರಿಂದ 27 ಡಿಗ್ರಿ ಮತ್ತು ಛಾವಣಿಯ ಫ್ಯಾನು ಸಾಕು. ಬೇಸಿಗೆಯಲ್ಲಿ ಯಂತ್ರದ ಗಾಳಿ ಜೋರಾಗಿರಲಿ; ಮಳೆಗಾಲದ ಜಿಗುಟು ದಿನಗಳಲ್ಲಿ ಮಾತ್ರ ಕಡಿಮೆ ಮಾಡಬೇಕು, ಆಗ ಸುರುಳಿ ಹೆಚ್ಚು ತೇವ ಹೀರುತ್ತದೆ. ಏ.ಸಿ.ಗಳು ಓಡುವುದು ಸೂರ್ಯ ಮುಳುಗಿ ಸೌರವಿದ್ಯುತ್ ನಿಂತ ಹೊತ್ತಿನಲ್ಲಿ. ಆ ಸಂಜೆಯ ಬೇಡಿಕೆಯನ್ನು ತೋರಿಸಿಯೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯಂಥವನ್ನು ಸಮರ್ಥಿಸಲಾಗುತ್ತಿದೆ ಎಂಬುದನ್ನು ಈ ಸಭೆಗೆ ನೆನಪಿಸಬೇಕಾಗಿಲ್ಲ.

ಇನ್ನೊಂದೇ ವಿಷಯ ಉಳಿದಿದೆ, ಹಳೆಯ ಯಂತ್ರವನ್ನು ಇಳಿಸುವುದು. ಗುಜರಿಯವನು ತಾಮ್ರದ ಆಸೆಗೆ ಪೈಪನ್ನು ಕತ್ತರಿಸಿದ ಕ್ಷಣ ಒಳಗಿದ್ದ ಗ್ಯಾಸೆಲ್ಲ ಹೊರಗೆ ಹೋಗುತ್ತದೆ. ಆರ್-22 ಇದ್ದರೆ ಒಂದು ಕಿಲೋಗೆ 1,800 ಕಿಲೋ ಇಂಗಾಲದ ಲೆಕ್ಕ, ಮೇಲೆ ಓಜೋನಿನ ಹಾನಿ. ಯಂತ್ರ ಇನ್ನೂ ಓಡುವ ಸ್ಥಿತಿಯಲ್ಲಿದ್ದರೆ ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಮೀಟರನ್ನು ದಪ್ಪ ಪೈಪಿನ ಕಡೆಗೆ ಹಚ್ಚಿ ಯಂತ್ರವನ್ನು ಓಡಿಸುತ್ತ, ಹೊರಗಿನ ಪೆಟ್ಟಿಗೆಯ ಸಪೂರ ಪೈಪಿನ ಕವಾಟವನ್ನು ಮೊದಲು ಮುಚ್ಚಬೇಕು. ಕಂಪ್ರೆಸರು ಸುರುಳಿಯಲ್ಲಿದ್ದ ಗ್ಯಾಸನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮುಳ್ಳು ಸೊನ್ನೆಯ ಹತ್ತಿರ ಬಂದೊಡನೆ ದಪ್ಪ ಪೈಪಿನ ಕವಾಟವನ್ನೂ ಮುಚ್ಚಿ ಯಂತ್ರವನ್ನು ನಿಲ್ಲಿಸಬೇಕು. ಆಗ ಗ್ಯಾಸು ಹೊರಗಿನ ಪೆಟ್ಟಿಗೆಯಲ್ಲಿ ಭದ್ರವಾಗಿ ಕೂತಿರುತ್ತದೆ. ಪೈಪು ಬಿಚ್ಚಿ, ಪೆಟ್ಟಿಗೆಯನ್ನು ಗ್ಯಾಸು ಹಿಡಿದಿಡುವ ಸಿಲಿಂಡರ್ ಇರುವ ಸರ್ವೀಸ್ ಕೇಂದ್ರಕ್ಕೋ ಇ-ತ್ಯಾಜ್ಯ ಪಡೆಯುವವರಿಗೋ ಒಪ್ಪಿಸಬಹುದು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ; ಯಂತ್ರ ಇಳಿಸಲು ಬಂದವನಿಗೆ ಇದನ್ನು ಮಾಡಿಯೇ ನಟ್ಟು ಬಿಚ್ಚಬೇಕೆಂದು ಮೊದಲೇ ಹೇಳಿಡಬೇಕು.